ವಿಡಿಯೋಗೆ ನನ್ನ ಕೈ ಕಾಣ್ತಿರಲಿಲ್ಲ

ಹನ್ನೊಂದು ತಿಂಗಳು ದಿನಾ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಕ್ಲಾಸಿಕಲ್ ಗಿಟಾರ್ ಕಲಿತೆ. ಹನ್ನೆರಡನೇ ತಿಂಗಳು ಎಡಗೈಯಲ್ಲಿ ಕಾಫಿ ಲೋಟ ಎತ್ತೋಕೆ ಆಗಲಿಲ್ಲ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಸಂಬಳ ಬರೋದು ಇದೇ ಎರಡು ಕೈಗಳಿಂದ. ಹಾಗಾಗಿ ನಿಜವಾಗಲೂ ಹೆದರಿದೆ. ಮೊದಲು ಕೀಬೋರ್ಡ್ ಮೇಲೆ ಗೂಬೆ ಕೂರಿಸಿದೆ, ಹೊಸದು ತರಿಸಿದೆ, ಕುರ್ಚಿ ಎತ್ತರ ಬದಲಿಸಿದೆ. ನೋವು ಹೋಗಲಿಲ್ಲ. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಫೀಸ್ ಕೆಲಸ ಬಿಟ್ಟು ಈ ಕೈಯಲ್ಲಿ ಇನ್ನೇನು ಮಾಡ್ತೀರಿ?" ಗಿಟಾರ್ ಅಂದೆ. ಹಿಡಿಯೋದು ಹೇಗೆ ಅಂತ ಗಾಳಿಯಲ್ಲೇ ತೋರಿಸಿದೆ. "ಮಣಿಕಟ್ಟು ಇಷ್ಟು ಮಡಿಸಿಕೊಂಡು ದಿನಾ ಒಂದು ಗಂಟೆನಾ?" ಅಂದ್ರು. ಮೂರು ವಾರ ಗಿಟಾರ್ ಮುಟ್ಟಬಾರದು ಅಂತ ಆಯ್ತು.

ಕ್ಲಾಸಿಕಲ್ ಗಿಟಾರ್ ಅಂದರೆ ಟ್ರಿಪ್‌ನಲ್ಲಿ ಫ್ರೆಂಡ್ಸ್ ಜೊತೆ ಹಾಡೋಕೆ ಬಾರಿಸೋ ಗಿಟಾರ್ ಅಲ್ಲ. ತಂತಿ ನೈಲಾನ್‌ದು, ಪಿಕ್ ಇರಲ್ಲ. ಎಡಗಾಲನ್ನು ಚಿಕ್ಕ ಮಣೆ ಮೇಲಿಟ್ಟು ಕೂರಬೇಕು. ಬಲಗೈ ಹೆಬ್ಬೆರಳು ಕೆಳಗಿನ ಸ್ಥಾಯಿ ನೋಡಿಕೊಂಡರೆ ಉಳಿದ ಮೂರು ಬೆರಳು ಮೇಲಿನ ರಾಗ ನುಡಿಸುತ್ತವೆ. ಒಬ್ಬರೇ ಕೂತು ಇಬ್ಬರು ನುಡಿಸಿದ ಹಾಗೆ ಕೇಳಿಸೋದು ಅದಕ್ಕೇ. ಸ್ಪೇನ್‌ನ ಫ್ರಾನ್ಸಿಸ್ಕೊ ತಾರ್ರೆಗಾ (1852–1909) ಬರೆದ 'ಲಾಗ್ರಿಮಾ' ಕೇಳಿ ನಾನು ಇದಕ್ಕೆ ಬಿದ್ದೆ. ಲಾಗ್ರಿಮಾ ಅಂದರೆ ಕಣ್ಣೀರ ಹನಿ. ಚಿಕ್ಕ ಎರಡು ಭಾಗ ಅಷ್ಟೇ. ಕೇಳೋಕೆ ಸುಲಭ.

ನಾನು ನೋಡ್ತಿದ್ದ ವಿಡಿಯೋ ಪಾಠಗಳಲ್ಲಿ ತಪ್ಪಿರಲಿಲ್ಲ. "ಮಣಿಕಟ್ಟು ಹೆಚ್ಚು ಬಗ್ಗಿಸಬೇಡಿ" ಅಂತ ಅವರು ಹೇಳಿದ್ದರು. ನಾನೂ ತಲೆ ಆಡಿಸಿದ್ದೆ. ನನ್ನ ಕೈ ಸರಿಯಾಗೇ ಇದೆ ಅಂತ ನಂಬಿದ್ದೆ. ಆಫೀಸಿನಲ್ಲಿ ಕೋಡ್ ರಿವ್ಯೂ ಆಗದೆ ಒಂದು ಸಾಲೂ ಮುಂದೆ ಹೋಗಲ್ಲ. ನನ್ನ ಕೈಯನ್ನ ಮಾತ್ರ ಹನ್ನೊಂದು ತಿಂಗಳು ರಿವ್ಯೂ ಇಲ್ಲದೆ ಓಡಿಸಿದ್ದೆ.

ಇದನ್ನು ಅಮ್ಮನಿಗೆ ಫೋನಲ್ಲಿ ಹೇಳಿದೆ. ಅವಳು ಚಿಕ್ಕವಳಿದ್ದಾಗ ಹಾಸನದಲ್ಲಿ ಸಂಗೀತಕ್ಕೆ ಹೋಗ್ತಿದ್ದಳು. "ನಮ್ಮ ಮೇಷ್ಟ್ರು ಸರಳೆ ವರಸೆಗೆ ಮುಂಚೆ ಕೂತಿರೋದು ನೋಡ್ತಿದ್ರು ಕಣೋ. ಬೆನ್ನು ಬಗ್ಗಿದ್ರೆ 'ಸ' ಅನ್ನೋಕೂ ಬಿಡ್ತಿರಲಿಲ್ಲ. ನಿನ್ನ ಮೇಷ್ಟ್ರಿಗೆ ನೀನು ಕಾಣ್ತೀಯಾ?" ಅಂದಳು.

ಆಮೇಲೆ ವಾರಕ್ಕೆ ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಪಾಠ ಮಾಡೋ ಒಬ್ಬ ಸರ್ ಸಿಕ್ಕರು. ಮೊದಲ ದಿನ ಅವರಿಗೆ ಏನೂ ಕೇಳಿಸಲಿಲ್ಲ. ಕಾಲಿಂಗ್ ಆಪ್ ಮಾತನ್ನು ಉಳಿಸಿ, ಗಿಟಾರನ್ನು ಗದ್ದಲ ಅಂತ ಅಳಿಸಿಬಿಡ್ತಿತ್ತು! ಆ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಐದು ನಿಮಿಷ ಕೇಳಿ, "ಎಡ ಹೆಬ್ಬೆರಳು ತೆಗೆದು ನುಡಿಸಿ" ಅಂದ್ರು. ಒಂದು ಸ್ವರವೂ ಬರಲಿಲ್ಲ. ಅಷ್ಟು ದಿನ ನಾನು ಗಿಟಾರ್ ಕತ್ತನ್ನು ಇಕ್ಕಳದ ಹಾಗೆ ಅಮುಕುತ್ತಿದ್ದೆ.

ಲಾಗ್ರಿಮಾ ನಾಲ್ಕು ತಿಂಗಳು ಬಂದ್ ಆಯ್ತು. ಬದಲಿಗೆ ಇಟಲಿಯ ಮೌರೊ ಜೂಲಿಯಾನಿ (1781–1829) ಬಲಗೈಗಾಗಿ ಬರೆದ 120 ಅಭ್ಯಾಸಗಳು. ಅದರಲ್ಲಿ ಎಡಗೈಗೆ ಇರೋದು ಎರಡೇ ಕಾರ್ಡ್, ನೋವಿನ ಕೈಗೆ ಒಳ್ಳೇದೇ. ನಿಜ ಹೇಳ್ತೀನಿ, ಅವಮಾನ ಅನ್ನಿಸ್ತು. ಒಂದು ವರ್ಷ ಕಲಿತವನು ಅ ಆ ಇ ಈ ತಿದ್ದೋಕೆ ವಾಪಸ್ ಕೂತ ಹಾಗೆ.

ನೀವೂ ಶುರು ಮಾಡೋರಿದ್ದರೆ ಮೂರು ಮಾತು. ಒಂದು, ವಾರಕ್ಕೊಮ್ಮೆ ಎರಡು ನಿಮಿಷ ನಿಮ್ಮನ್ನೇ ಪಕ್ಕದಿಂದ ವಿಡಿಯೋ ಮಾಡಿ ನೋಡಿ, ಗೊತ್ತಿರೋರಿಗೆ ತೋರಿಸಿ. ನಾಚಿಕೆ ಆಗುತ್ತೆ, ಆಗಲಿ. ಎರಡು, ತಂತಿಯನ್ನು ಫ್ರೆಟ್‌ನ ಹತ್ತಿರಕ್ಕೇ ಒತ್ತಿ. ಮೆಲ್ಲಗೆ ಶುರು ಮಾಡಿ, ಗರಗರ ಶಬ್ದ ನಿಂತು ಸ್ವರ ಸ್ಪಷ್ಟವಾಗೋ ಕಡೆ ನಿಲ್ಲಿಸಿ. ಅಷ್ಟೇ ಬಲ ಸಾಕು. ಮೂರು, ಬೆರಳ ತುದಿ ಚುರುಗುಟ್ಟೋದು ಮಾಮೂಲಿ. ಮಣಿಕಟ್ಟು, ಮುಂಗೈ ನೋವು ಮಾಮೂಲಿ ಅಲ್ಲ. ಅದನ್ನು ಸಾಧನೆ ಅಂದ್ಕೋಬೇಡಿ, ನಿಲ್ಲಿಸಿ ತೋರಿಸಿಕೊಳ್ಳಿ.

ಕಳೆದ ಭಾನುವಾರ ಲಾಗ್ರಿಮಾದ ಮೊದಲ ಭಾಗ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ನುಡಿಸಿದೆ. ಎರಡು ಕಡೆ ತಡವರಿಸಿದೆ, ಆದರೂ ಮುಗಿಸಿದೆ. ಮುಗಿದ ಮೇಲೆ ಅವಳು ಸುಮ್ಮನಿದ್ದಳು. "ಹೇಗಿತ್ತಮ್ಮಾ?" ಅಂದೆ. "ಏನೂ ಕೇಳಿಸಲಿಲ್ಲ ಕಣೋ. ಆದ್ರೆ ಬೆನ್ನು ನೆಟ್ಟಗಿತ್ತು, ಕೈಯೂ ಚೆನ್ನಾಗಿ ಕಾಣ್ತು."

ಫೋನಿನಲ್ಲಿ ಆ ಸೆಟ್ಟಿಂಗ್ ಆಫ್ ಮಾಡೋದು ಮರೆತಿದ್ದೆ. ಮುಂದಿನ ತಿಂಗಳು ಊರಿಗೆ ಹೋಗ್ತಿದ್ದೀನಿ, ಗಿಟಾರ್ ಜೊತೆಗೇ.