ನ್ಯಾಯಪೀಠದಲ್ಲಿ ಒಬ್ಬಳೇ ಹೆಂಗಸು



ನ್ಯಾಯಾಧೀಶರ ಕುರ್ಚಿಯಲ್ಲಿ ಹೆಂಗಸು ಕೂತರೆ ಹೆಂಗಸರಿಗೆ ನ್ಯಾಯ ಸಿಕ್ಕೇ ಸಿಗುತ್ತದೆ ಎಂಬ ಮಾತನ್ನು ಸಂಘದ ಸಭೆಗಳಲ್ಲಿ ನಾನು ಬಹಳ ಸಲ ಕೇಳಿದ್ದೇನೆ. ಅದು ಎಷ್ಟರ ಮಟ್ಟಿಗೆ ನಿಜ ಎಂದು ಯೋಚಿಸುವಾಗೆಲ್ಲ ನನಗೆ ಆಸ್ಟ್ರೇಲಿಯದ ರೋಮಾ ಮಿಚೆಲ್ ನೆನಪಾಗುತ್ತಾರೆ.

ರೋಮಾ ಹುಟ್ಟಿದ್ದು 1913ರಲ್ಲಿ, ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ. ತಂದೆ ವಕೀಲರು. ಮೊದಲನೇ ಮಹಾಯುದ್ಧಕ್ಕೆ ಹೋದವರು 1918ರಲ್ಲಿ ಫ್ರಾನ್ಸಿನಲ್ಲಿ ಸತ್ತರು. ಎರಡು ಹೆಣ್ಣುಮಕ್ಕಳನ್ನು ತಾಯಿ ಒಬ್ಬರೇ ಬೆಳೆಸಿದರು. ರೋಮಾ ಕಾನೂನು ಓದಲು ವಿಶ್ವವಿದ್ಯಾನಿಲಯ ಸೇರಿದರೆ, ಅಲ್ಲಿನ ಕಾನೂನು ವಿದ್ಯಾರ್ಥಿಗಳ ಸಂಘಕ್ಕೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರು ಗೆಳತಿಯರೊಡನೆ ಕೂಡಿ ಹುಡುಗಿಯರದೇ ಒಂದು ಸಂಘ ಕಟ್ಟಿದರು. (ಬಾಗಿಲು ಮುಚ್ಚಿದರೆ ಸಂಘ ಕಟ್ಟುವುದು ನಮಗೇನೂ ಹೊಸದಲ್ಲ!) 1934ರಲ್ಲಿ ವಕೀಲಿ ವೃತ್ತಿಗಿಳಿದರು. 1962ರಲ್ಲಿ ಆಸ್ಟ್ರೇಲಿಯದ ಮೊಟ್ಟಮೊದಲ ಮಹಿಳಾ ಕ್ವೀನ್ಸ್ ಕೌನ್ಸೆಲ್ ಆದರು. ಅಂದರೆ ಸರ್ಕಾರದ ಮನ್ನಣೆ ಪಡೆದ ಹಿರಿಯ ವಕೀಲೆ.

ಆ ರಾಜ್ಯದ ಹೆಂಗಸರಿಗೆ 1894ರಲ್ಲೇ ಮತ ಹಾಕುವ ಹಕ್ಕೂ ಚುನಾವಣೆಗೆ ನಿಲ್ಲುವ ಹಕ್ಕೂ ಬಂದಿತ್ತು. ಆದರೂ ಅರವತ್ತರ ದಶಕದ ನಡುವಿನವರೆಗೆ ಅಲ್ಲಿ ಹೆಂಗಸು ಜ್ಯೂರಿಯಲ್ಲಿ ಕೂರುವಂತಿರಲಿಲ್ಲ. ಜ್ಯೂರಿ ಎಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಗುಂಪು. ಅತ್ಯಾಚಾರದ ಮೊಕದ್ದಮೆಯಲ್ಲೂ ತೀರ್ಮಾನಿಸುತ್ತಿದ್ದವರು ಗಂಡಸರೇ. ಇದರ ವಿರುದ್ಧ ರೋಮಾ ದನಿಯೆತ್ತಿದ್ದರು. ಸಮಾನ ವೇತನಕ್ಕಾಗಿಯೂ ಹೋರಾಡಿದ್ದರು.

1965ರಲ್ಲಿ ಅವರು ದಕ್ಷಿಣ ಆಸ್ಟ್ರೇಲಿಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅದು ನಮ್ಮ ಹೈಕೋರ್ಟಿಗೆ ಸಮಾನವಾದ ನ್ಯಾಯಾಲಯ. ಇಡೀ ದೇಶದಲ್ಲಿ ಆ ದರ್ಜೆಗೆ ಏರಿದ ಮೊದಲ ಮಹಿಳೆ ಅವರು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: ನಮ್ಮ ಅನ್ನಾ ಚಾಂಡಿ ಅದಕ್ಕೂ ಆರು ವರ್ಷ ಮೊದಲು, 1959ರಲ್ಲೇ, ಕೇರಳ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ರೋಮಾ 1983ರಲ್ಲಿ ನಿವೃತ್ತರಾಗುವವರೆಗೆ, ಹದಿನೆಂಟು ವರ್ಷ, ಆ ನ್ಯಾಯಾಲಯದಲ್ಲಿ ಇದ್ದ ಹೆಂಗಸು ಅವರೊಬ್ಬರೇ. ಎರಡನೆಯವರು ಬಂದದ್ದು 1993ರಲ್ಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಪ್ಪತ್ತರ ದಶಕದಲ್ಲಿ ಅಪರಾಧ ಕಾನೂನಿನ ಸುಧಾರಣೆಗೆ ಅಲ್ಲಿನ ಸರ್ಕಾರ ಒಂದು ಸಮಿತಿ ಮಾಡಿತು. ಅದಕ್ಕೆ ಅಧ್ಯಕ್ಷೆ ರೋಮಾ. 1976ರಲ್ಲಿ ಈ ಸಮಿತಿ ಅತ್ಯಾಚಾರದ ಬಗ್ಗೆಯೇ ಒಂದು ವಿಶೇಷ ವರದಿ ಕೊಟ್ಟಿತು. ದೂರು ಕೊಟ್ಟ ಹೆಂಗಸಿನ ಹಿಂದಿನ ಬದುಕನ್ನು ಕೋರ್ಟಿನಲ್ಲಿ ಕೆದಕಿ ಮಾನ ಕಳೆಯುವ ಪದ್ಧತಿಗೆ ಕಡಿವಾಣ ಹಾಕಬೇಕೆಂದು ಅದು ಹೇಳಿತು. ನಮ್ಮ ಸಾಕ್ಷ್ಯ ಕಾಯಿದೆಯಿಂದ ಅಂಥ ಕೆದಕಾಟಕ್ಕೆ ಎಡೆಕೊಟ್ಟ ಕಲಮು ಹೋದದ್ದು 2002ರ ತಿದ್ದುಪಡಿಯಲ್ಲಿ.

ಆದರೆ ಗಂಡನೇ ಬಲಾತ್ಕಾರ ಮಾಡಿದರೆ? ಮದುವೆಯಾದ ಹೆಂಗಸು ಒಮ್ಮೆ ಒಪ್ಪಿದರೆ ಜೀವನಪೂರ್ತಿ ಒಪ್ಪಿದಂತೆ ಎಂದು ಹದಿನೇಳನೇ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟಿದ್ದ. ಬ್ರಿಟಿಷರು ಹೋದಲ್ಲೆಲ್ಲ ಆ ಮಾತೂ ಹೋಯಿತು. ಆಸ್ಟ್ರೇಲಿಯಕ್ಕೂ ಹೋಯಿತು, ನಮ್ಮ ದಂಡ ಸಂಹಿತೆಗೂ ಬಂತು. ಈ ಪ್ರಶ್ನೆಯ ಮುಂದೆ ರೋಮಾ ಅವರ ಸಮಿತಿ ಅಳುಕಿತು. ಗಂಡಹೆಂಡಿರು ಬೇರೆ ಬೇರೆ ಇದ್ದರೆ ಮಾತ್ರ ಗಂಡನನ್ನು ಶಿಕ್ಷಿಸಬಹುದು ಎಂದಿತು. ಒಂದೇ ಮನೆಯಲ್ಲಿದ್ದಾಗಲೂ ದೂರು ಕೊಡಬಹುದೆಂದರೆ, ಸೇಡಿನ ಹೆಂಡತಿಯ ಕೈಗೆ ಆಯುಧ ಕೊಟ್ಟಂತಾಗುತ್ತದೆ ಎಂಬುದು ಅದರ ಭಯ.

ಆಯುಧ! ವರದಕ್ಷಿಣೆ ಹಿಂಸೆಯ ವಿರುದ್ಧ 1983ರಲ್ಲಿ ಬಂದ 498ಎ ಕಲಮಿನ ಬಗ್ಗೆ ನಾವು ಕೇಳುತ್ತ ಬಂದಿರುವುದೂ ಇದನ್ನೇ. ಜೀವನವೆಲ್ಲ ಹೆಂಗಸರ ಹಕ್ಕಿಗೆ ನಿಂತವರ ವರದಿಯಲ್ಲೂ ಈ ಮಾತು ನುಸುಳಿತ್ತು. ನಾನು ಇದನ್ನು ಅವರನ್ನು ಹೀಗಳೆಯಲು ಹೇಳುತ್ತಿಲ್ಲ. ಗಂಡಸರೇ ಕಟ್ಟಿದ ಮನೆಗೆ ಒಬ್ಬಳೇ ಹೆಂಗಸು ಹೊಕ್ಕರೆ ಆ ಮನೆಯ ಭಯಗಳೂ ಅವಳಿಗೆ ಸ್ವಲ್ಪ ಅಂಟುತ್ತವೆ.

ಅಲ್ಲಿನ ಮಹಿಳಾ ಸಂಘಟನೆಗಳು ಸುಮ್ಮನಿರಲಿಲ್ಲ. ಅಟಾರ್ನಿ ಜನರಲ್ ಪೀಟರ್ ಡಂಕನ್ ಸಮಿತಿಗಿಂತ ಮುಂದೆ ಹೋಗಿ, ಗಂಡನಿಗಿದ್ದ ವಿನಾಯಿತಿಯನ್ನು ಪೂರ್ತಿ ಕಿತ್ತುಹಾಕುವ ಮಸೂದೆ ತಂದರು. ಮೇಲ್ಮನೆಯಲ್ಲಿ ವಿರೋಧ ಬಂದು ರಾಜಿಯಾಯಿತು: ಒಟ್ಟಿಗಿರುವ ಗಂಡನ ಮೇಲೆ ಆರೋಪ ಹೊರಿಸಲು ಬಲಾತ್ಕಾರದ ಜೊತೆಗೆ ಗಾಯ, ಬೆದರಿಕೆ ಮುಂತಾದ್ದೇನಾದರೂ ಇರಬೇಕು. ಆ ಷರತ್ತು ತೊಲಗಲು 1992 ಬರಬೇಕಾಯಿತು.

ರೋಮಾ ಆಮೇಲೂ ದೊಡ್ಡ ಹುದ್ದೆಗಳಲ್ಲಿದ್ದರು. 1981ರಿಂದ 1986ರವರೆಗೆ ದೇಶದ ಮಾನವ ಹಕ್ಕು ಆಯೋಗದ ಅಧ್ಯಕ್ಷೆ; 1991ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಗವರ್ನರ್, ಆಸ್ಟ್ರೇಲಿಯದ ಯಾವುದೇ ರಾಜ್ಯಕ್ಕೆ ಮೊದಲ ಮಹಿಳಾ ಗವರ್ನರ್. ಮದುವೆಯಾಗಲಿಲ್ಲ. 2000ದ ಮಾರ್ಚಿನಲ್ಲಿ ತೀರಿಕೊಂಡರು. ಅಡಿಲೇಡಿನ ನಾರ್ತ್ ಟೆರೇಸ್ ಬೀದಿಯಲ್ಲಿ ಅವರ ಪ್ರತಿಮೆಯಿದೆ.

2012ರಲ್ಲಿ ಒಂದು ವಿಚಿತ್ರ ನಡೆಯಿತು. 1963ರಲ್ಲಿ ಹೆಂಡತಿಯನ್ನು ಬಲಾತ್ಕರಿಸಿದ ಆರೋಪ ಹೊತ್ತ ಅದೇ ರಾಜ್ಯದ ಗಂಡನೊಬ್ಬನ ಪ್ರಕರಣ ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯಕ್ಕೆ ಬಂತು. ಗಂಡನಿಗೆ ಅಂಥ ವಿನಾಯಿತಿ ಎಂದಾದರೂ ಇದ್ದಿದ್ದರೂ, 1935ರ ಹೊತ್ತಿಗೇ ಅದು ಇಲ್ಲವಾಗಿತ್ತು ಎಂದು ಬಹುಮತದ ತೀರ್ಪಾಯಿತು. ಅಂದಮೇಲೆ 1976ರಲ್ಲಿ ಸಮಿತಿ ಅಳುಕಿದ್ದು ಸತ್ತ ಹಾವಿಗೆ!

ನಮ್ಮಲ್ಲಿ ಆ ಹಾವು ಇನ್ನೂ ಸತ್ತಿಲ್ಲ. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ, ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನಿಗೆ ವಿನಾಯಿತಿ. ಬೇರೆ ಇರುವ ಹೆಂಡತಿಯ ಮೇಲಿನ ಬಲಾತ್ಕಾರಕ್ಕೆ ಮಾತ್ರ 67ನೇ ಕಲಮಿನಲ್ಲಿ ಶಿಕ್ಷೆ. ರೋಮಾ ಅವರ ಸಮಿತಿ ನಿಂತಲ್ಲೇ ನಾವು ನಿಂತಿದ್ದೇವೆ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಗಂಡನಾದ ಮಾತ್ರಕ್ಕೆ ಅತ್ಯಾಚಾರದ ಆರೋಪ ಕೈಬಿಡಲಾಗದು ಎಂದಿತು. ಅದರ ಮೇಲೆ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು.

ಒಟ್ಟಿಗಿರುವ ಹೆಂಡತಿಗೂ ಸದ್ಯಕ್ಕೆ ಎರಡು ದಾರಿಗಳಿವೆ. ಹಳೆಯ 498ಎ ಈಗ 85ನೇ ಕಲಮಾಗಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ; ಅದರ ಕೆಳಗೆ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮುಂದಿನ ಸಭೆಯಲ್ಲಿ ಈ ಎರಡನ್ನೂ ಓದಿ ಹೇಳಿ. ಕೇಳುತ್ತ ಕೂತವರಲ್ಲಿ ಒಬ್ಬಳಿಗಾದರೂ ಅದು ಬೇಕಾಗಿರುತ್ತದೆ, ಬಾಯಿಬಿಟ್ಟು ಕೇಳಿರುವುದಿಲ್ಲ ಅಷ್ಟೆ.