ಸಮವಸ್ತ್ರದ ಮಾನ, ದಾಖಲೆಯ ಮಾತು

ಸುಂಟಿಕೊಪ್ಪದಂತಹ ಕೊಡಗಿನ ಊರುಗಳಲ್ಲಿ ಸೇನೆ ದೂರದ ಸಂಸ್ಥೆಯಲ್ಲ. ನೆರೆಮನೆಯಲ್ಲೋ ಬಂಧುಬಳಗದಲ್ಲೋ ಒಬ್ಬ ಮಾಜಿ ಸೈನಿಕ ಇದ್ದೇ ಇರುತ್ತಾನೆ. ಆದ್ದರಿಂದ ಅಭ್ಯರ್ಥಿಯ ಸೇನಾ ಸೇವೆ ಚುನಾವಣೆಯ ಸರಕಾದಾಗ ಅದನ್ನು ತೂಗುವ ಬಗೆ ಹೇಗೆಂಬ ಪ್ರಶ್ನೆ ಇಲ್ಲಿನ ಮತದಾರರಿಗೆ ಇನ್ನಷ್ಟು ಹತ್ತಿರದ್ದು.

ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪನವರು 1949ರಲ್ಲಿ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದವರು. 1971ರಲ್ಲಿ ಅವರು ಶಿವಸೇನೆಯ ಬೆಂಬಲದೊಂದಿಗೆ ಮುಂಬಯಿ ಈಶಾನ್ಯ ಲೋಕಸಭಾ ಕ್ಷೇತ್ರದಲ್ಲಿ ಸ್ಪರ್ಧಿಸಿ ಸೋತರು. ಆ ಸೋಲಿನಿಂದ ಅವರ ಸೇವೆಯ ಹಿರಿಮೆ ಕುಂದಲಿಲ್ಲ. 1986ರಲ್ಲಿ ರಾಷ್ಟ್ರ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. ಸೇವೆಗೆ ಸಲ್ಲುವ ಗೌರವ ಬೇರೆ, ಮತ ಬೇರೆ ಎಂಬ ವಿವೇಕವನ್ನು ಈ ಪ್ರಸಂಗ ಕಲಿಸುತ್ತದೆ.

ಈ ವಿವೇಕ ತಪ್ಪಿದಾಗ ಏನಾಗುತ್ತದೆಂಬುದಕ್ಕೆ 2024ರ ಅಮೆರಿಕದ ಚುನಾವಣೆ ನಿದರ್ಶನ. ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ ಟಿಮ್ ವಾಲ್ಜ್ ನ್ಯಾಷನಲ್ ಗಾರ್ಡ್‌ನಲ್ಲಿ 24 ವರ್ಷ ಸೇವೆ ಸಲ್ಲಿಸಿ 2005ರಲ್ಲಿ ನಿವೃತ್ತರಾಗಿದ್ದರು. ಅವರ ದಳ ತರುವಾಯ ಇರಾಕಿಗೆ ತೆರಳಿದ್ದರಿಂದ, ಯುದ್ಧಕ್ಕೆ ಹೆದರಿ ನಿವೃತ್ತರಾದರೆಂದು ಎದುರಾಳಿಗಳು ದೂಷಿಸಿದರು. ನಿವೃತ್ತಿಯ ವೇಳೆಯ ದರ್ಜೆಯ ಕುರಿತೂ ವಿವಾದ ಎದ್ದಿತು. ದರ್ಜೆಯನ್ನು ದಾಖಲೆ ತೋರಿಸಿ ನಿರ್ಧರಿಸಬಹುದು. ಮನಸ್ಸಿನ ಉದ್ದೇಶವನ್ನು ಯಾವ ದಾಖಲೆಯೂ ಹೇಳದು. ನಿಯಮಬದ್ಧ ನಿವೃತ್ತಿಯನ್ನು ಪಲಾಯನವೆಂದು ಕರೆಯುವುದು ಪ್ರತಿಯೊಬ್ಬ ಪಿಂಚಣಿದಾರ ಸೈನಿಕನಿಗೂ ಮಾಡುವ ಅಪಮಾನ.

ನಮ್ಮಲ್ಲಿನ ತೊಡಕು ಬೇರೆಯದು. ಗಡಿ ಭದ್ರತಾ ಪಡೆಯಲ್ಲಿ ಬಡಿಸುವ ಆಹಾರದ ಗುಣಮಟ್ಟದ ಬಗ್ಗೆ ದೂರಿ, 2017ರಲ್ಲಿ ಸೇವೆಯಿಂದ ವಜಾಗೊಂಡ ತೇಜ್ ಬಹದ್ದೂರ್ ಯಾದವ್ 2019ರಲ್ಲಿ ವಾರಾಣಸಿಯಲ್ಲಿ ನಾಮಪತ್ರ ಸಲ್ಲಿಸಿದರು. ಐದು ವರ್ಷಗಳೊಳಗೆ ವಜಾಗೊಂಡವರು, ಅದು ಭ್ರಷ್ಟಾಚಾರಕ್ಕಾಗಲೀ ದೇಶನಿಷ್ಠೆಯ ಕೊರತೆಗಾಗಲೀ ಅಲ್ಲವೆಂಬ ಚುನಾವಣಾ ಆಯೋಗದ ಪ್ರಮಾಣಪತ್ರವನ್ನು ಲಗತ್ತಿಸಬೇಕೆಂಬುದು ನಿಯಮ. ಅದಿಲ್ಲದೆ ಅವರ ನಾಮಪತ್ರ ತಿರಸ್ಕೃತವಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನು ವಜಾ ಮಾಡಿತು. ಅಂದರೆ, ಸೇವೆ ಮುಗಿದ ಬಗೆಯನ್ನು ಕಾನೂನು ಕೇಳುತ್ತದೆ, ಆದರೆ ವಜಾಗೊಂಡವರಿಂದ ಮಾತ್ರ. ಅಭ್ಯರ್ಥಿಗಳೆಲ್ಲರೂ ಸಲ್ಲಿಸುವ ನಮೂನೆ 26ರ ಅಫಿಡವಿಟ್ಟಿನಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆಗಳಿಗೆ ಕಲಮುಗಳಿವೆ. ಸೇನಾ ಸೇವೆಗೆ ಪ್ರತ್ಯೇಕ ಕಲಮಿಲ್ಲ.

ಪರಿಹಾರ ಸರಳ. ತನ್ನ ಸೇನಾ ಸೇವೆಯನ್ನು ಮತದಾರರ ಮುಂದಿಟ್ಟು ಮತ ಕೇಳುವ ಅಭ್ಯರ್ಥಿ ಸೇವಾವಧಿ, ಅಂತಿಮ ದರ್ಜೆ, ಸೇವೆ ಮುಗಿದ ಬಗೆ ಈ ಮೂರನ್ನು ಪ್ರಮಾಣ ಮಾಡಿ ಘೋಷಿಸಲಿ. ಇದಕ್ಕಿಂತ ಕಡಿಮೆ ಹೇಳಿದರೆ ಮರೆಮಾಚಿದಂತೆ; ಎದುರಾಳಿ ಇದನ್ನು ಮೀರಿ ಕೆದಕಿದರೆ ಅದು ಚಾರಿತ್ರ್ಯಹನನ. ವೈದ್ಯಕೀಯ ವಿವರ, ಕಾರ್ಯಾಚರಣೆಯ ಗುಟ್ಟುಗಳು ಚುನಾವಣಾ ಕಣಕ್ಕೆ ಬರಬೇಕಾಗಿಲ್ಲ.

ಈ ವ್ಯವಸ್ಥೆಯ ಅಗತ್ಯ ಮುಂದೆ ಹೆಚ್ಚಲಿದೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ನಿಯಮದಂತೆ ಬಹುಪಾಲು ಅಗ್ನಿವೀರರು ನಾಲ್ಕು ವರ್ಷಗಳಿಗೇ ಪಿಂಚಣಿಯಿಲ್ಲದೆ ಹೊರಬರುತ್ತಾರೆ; ಅವರಿಗೆ ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ನಾಳೆ ಅವರಲ್ಲೊಬ್ಬ ಸುಂಟಿಕೊಪ್ಪದ ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಿದಾಗ, 'ಅರ್ಧಕ್ಕೇ ಬಿಟ್ಟು ಬಂದವನು' ಎಂದು ಯಾರಾದರೂ ಹಂಗಿಸಬಹುದು. ಒಪ್ಪಂದದ ಅವಧಿಯನ್ನು ಪೂರೈಸಿ ಬಂದವನೆಂಬ ಒಂದು ಸಾಲಿನ ಘೋಷಣೆ ಅವನ ಮಾನವನ್ನು ಕಾಯುತ್ತದೆ. ಉಳಿದದ್ದು, ಅವನು ಊರಿನ ನೀರು, ರಸ್ತೆ, ಶಾಲೆಗಳಿಗೆ ಏನು ಮಾಡಬಲ್ಲನೆಂಬ ಪ್ರಶ್ನೆ. ಮತ ಬೀಳಬೇಕಾದದ್ದು ಅದಕ್ಕೆ.