ಸ್ಪ್ರೇಯರ್ ಸ್ಟಾರ್ಟ್ ಆಗದಿದ್ದರೆ ಮೊದಲು ಟ್ಯಾಂಕ್ ನೋಡಿ

ಕೊಪ್ಪಳ ಜಿಲ್ಲೆಯ ಯಲಬುರ್ಗಾದ ಎರೆ ಹೊಲಗಳಲ್ಲಿ ಕಡಲೆ ಹೂವಿಗೆ ಬಂದು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಕಾಣಿಸಿಕೊಳ್ಳುತ್ತದೆ. ಆಮೇಲೆ ರೈತನ ಕೈಯಲ್ಲಿ ಹೆಚ್ಚು ದಿನ ಇರುವುದಿಲ್ಲ. ಮುಂಗಾರಿನಲ್ಲಿ ಔಷಧಿ ಹೊಡೆದು ಮೂಲೆಗಿಟ್ಟಿದ್ದ ಪೆಟ್ರೋಲ್ ಸ್ಪ್ರೇಯರ್ ಹೊರಗೆ ಬರುತ್ತದೆ. ಹಗ್ಗ ಎಳೆದೂ ಎಳೆದೂ ರಟ್ಟೆ ಸೋಲುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ. ಕುಷ್ಟಗಿಯ ದಾಳಿಂಬೆ ತೋಟದಲ್ಲೂ ಗಂಗಾವತಿಯ ಭತ್ತದ ಗದ್ದೆಯಲ್ಲೂ ಇದೇ ಪಾಡು. ಕೈಗೆ ಸಿಕ್ಕ ಸ್ಕ್ರೂಗಳನ್ನೆಲ್ಲ ತಿರುವಿ, ಪ್ಲಗ್ ಉಜ್ಜಿ, ಕೊನೆಗೆ ಬೈಕಿಗೆ ಕಟ್ಟಿಕೊಂಡು ಪೇಟೆಗೆ ಒಯ್ಯುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ಹುಳು ಕಾಯುವುದಿಲ್ಲ.

ಇಂಥ ಹೊತ್ತಿನಲ್ಲಿ ಕೆಟ್ಟಿರುವುದು ಬಹುತೇಕ ಎಂಜಿನ್ ಅಲ್ಲ, ಟ್ಯಾಂಕಿನ ತಳದಲ್ಲಿ ಉಳಿದ ಪೆಟ್ರೋಲ್. ಪೆಟ್ರೋಲ್ ಕೆಡುವ ವಸ್ತು ಎಂಬುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಿರುತ್ತವೆ. ಎಂಜಿನ್ ಮೊದಲ ಎಳೆತಕ್ಕೆ ಹತ್ತುವುದು ಅವುಗಳಿಂದಲೇ. ಕೊಪ್ಪಳದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಶೆಡ್ಡಿನಲ್ಲಿಟ್ಟ ಟ್ಯಾಂಕಿನಿಂದ ಈ ಅಂಶಗಳು ಸದ್ದಿಲ್ಲದೆ ಹಾರಿಹೋಗುತ್ತವೆ. ಉಳಿದದ್ದು ಗಾಳಿಯೊಂದಿಗೆ ಬೆರೆತು ನಿಧಾನವಾಗಿ ಅಂಟಾಗುತ್ತದೆ. ಕಾರ್ಬೊರೇಟರಿನ ಜೆಟ್ಟಿನ ತೂತು ಸೂಜಿಮೊನೆಯಷ್ಟು. ಅಲ್ಲಿ ಒಂದಿಷ್ಟು ಅಂಟು ಕೂತರೆ ಸಾಕು, ಎಂಜಿನ್ನಿಗೆ ಪೆಟ್ರೋಲ್ ಸಾಲುವುದಿಲ್ಲ. ಚೋಕ್ ಹಾಕಿದಾಗ ಮಾತ್ರ ಓಡಿ, ಚೋಕ್ ತೆಗೆದ ಕೂಡಲೇ ನಿಲ್ಲುವ ಸ್ಪ್ರೇಯರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಈಗ ಇದಕ್ಕೆ ಎಥೆನಾಲ್ ಸೇರಿಕೊಂಡಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2022ರಲ್ಲಿ ಶೇ 10ಕ್ಕೆ ಮುಟ್ಟಿದ್ದ ಮಿಶ್ರಣ 2025ರ ಹೊತ್ತಿಗೆ ಶೇ 20 ಆಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಅನುಕೂಲವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾರು, ಬೈಕುಗಳ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆದರೂ ಹೊಲದ ಸಣ್ಣ ಎಂಜಿನ್ನುಗಳ ಬಗ್ಗೆ ರೈತನಿಗೆ ಕೂತು ತಿಳಿಸಿ ಹೇಳಿದವರು ಕಡಿಮೆ.

ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಗಾಳಿಯ ತೇವವೇ ಸಾಕು. ಔಷಧಿ ಡಬ್ಬಿಗೆ ಕೊಡದಿಂದ ನೀರು ಸುರಿಯುವಾಗ ಪಕ್ಕದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಿದ್ದರಂತೂ ಹೇಳಬೇಕಿಲ್ಲ. ನೀರು ಒಂದು ಮಿತಿ ದಾಟಿತೆಂದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಎಂಜಿನ್ ಹೀರುವುದು ತಳದಿಂದ. ಟೂ-ಸ್ಟ್ರೋಕ್ ಸ್ಪ್ರೇಯರಿಗೆ ಇಲ್ಲಿ ದೊಡ್ಡ ಅಪಾಯವಿದೆ. ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ತಳದ ನೀರು-ಎಥೆನಾಲಿನಲ್ಲಿ ಅದು ಕರಗುವುದಿಲ್ಲ. ಹಟ ಹಿಡಿದು ಹಗ್ಗ ಎಳೆದು ಹೇಗೋ ಓಡಿಸಿದರೆ ಪಿಸ್ಟನ್ ಆಯಿಲ್ ಇಲ್ಲದೆ ಉಜ್ಜಿ ಜಾಮ್ ಆಗುತ್ತದೆ. ಪೆಟ್ರೋಲ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಎಂಜಿನ್ನಿನ ಖರ್ಚು.

ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಗಾಜಿನ ಬಾಟಲಿ ಹಿಡಿಯಿರಿ. ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಅದಕ್ಕೆ ಬಸಿದು, ಬೀಡಿ-ಬೆಂಕಿಯಿಂದ ದೂರ, ನೆರಳಿನಲ್ಲಿ ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ತಳದಲ್ಲಿ ಬೇರೆಯೇ ಒಂದು ಪದರ ಕಂಡರೆ, ಬಣ್ಣ ಗಾಢವಾಗಿದ್ದರೆ, ಮೂಗಿಗೆ ಹುಳಿ ವಾಸನೆ ಹೊಡೆದರೆ ಅದು ಕೆಲಸಕ್ಕೆ ಬಾರದ್ದು. ಅದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಸರಿದೂಗಿಸಲು ಹೋಗಬೇಡಿ. ಪೈಪಿಗೆ ಬಾಯಿ ಹಚ್ಚಿ ಎಳೆಯುವ ರೂಢಿಯನ್ನಂತೂ ಬಿಡಲೇಬೇಕು. ಒಂದು ಗುಟುಕು ಪೆಟ್ರೋಲ್ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ಹೊಸ ಪೆಟ್ರೋಲ್ ಹಾಕಿದ ಮೇಲೂ ಹತ್ತದಿದ್ದರೆ ಪೆಟ್ರೋಲ್ ಹರಿಯುವ ದಾರಿಯಲ್ಲೇ ಕಣ್ಣು ಹಾಯಿಸುತ್ತ ಹೋಗಿ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ. ಔಷಧಿಯ ಪುಡಿ, ಧೂಳು ಕೂತು ಅದು ಮುಚ್ಚಿದರೆ ಎಂಜಿನ್ ಕೆಲ ನಿಮಿಷ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ. ಅದಕ್ಕೆ ಮೆಕ್ಯಾನಿಕ್ ಬೇಡ. ಟ್ಯಾಂಕಿನೊಳಗಿನ ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ. ರಬ್ಬರ್ ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಹಳೆಯ ರಬ್ಬರನ್ನು ಎಥೆನಾಲ್ ಉಬ್ಬಿಸುತ್ತದೆ, ಬಿರಿಸುತ್ತದೆ, ಆ ಬಿರುಕಿನಿಂದ ಪೆಟ್ರೋಲಿನ ಬದಲು ಗಾಳಿ ಒಳಗೆ ಹೋಗುತ್ತದೆ.

ಇನ್ನು ಪ್ಲಗ್. ಅದನ್ನು ಉಜ್ಜುವ ಮೊದಲು ಅದು ಹೇಳುವುದನ್ನು ಕೇಳಬೇಕು. ಐದಾರು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿದಾಗ ತುದಿ ಒಣಗಿದ್ದರೆ ಪೆಟ್ರೋಲ್ ಎಂಜಿನ್ನನ್ನು ಮುಟ್ಟಿಲ್ಲ. ತೊಂದರೆ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಲ್ಲೋ ಇದೆ. ತುದಿ ತೊಯ್ದಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಲ್ಲ. ಕಿಡಿ ಬರುತ್ತಿಲ್ಲ, ಇಲ್ಲವೇ ಚೋಕ್ ಅತಿಯಾಗಿ ಪೆಟ್ರೋಲ್ ಉಕ್ಕಿದೆ. ಇಷ್ಟು ನೋಡಿಕೊಂಡು ಹೋದರೆ ಪೇಟೆಯ ಮೆಕ್ಯಾನಿಕ್‌ಗೂ ಅರ್ಧ ಕೆಲಸ ಕಡಿಮೆ. ಟೂ-ಸ್ಟ್ರೋಕ್ ಸ್ಪ್ರೇಯರಿನ ಹೊಸ ಪೆಟ್ರೋಲಿಗೆ ಆಯಿಲನ್ನೂ ಅಂದಾಜಿನಲ್ಲಿ ಸುರಿಯಬೇಡಿ. ಯಂತ್ರದ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ. ಫೋರ್-ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವಂತೆಯೇ ಇಲ್ಲ.

ತುಂಗಭದ್ರಾ ಎಡದಂಡೆ ಕಾಲುವೆ, ಹಳ್ಳ, ಹೊಳೆಯ ದಂಡೆಯಲ್ಲಿ ಓಡುವ ಡೀಸೆಲ್ ಪಂಪ್‌ಸೆಟ್ಟಿನ ಸ್ವಭಾವ ಬೇರೆ. ಅದಕ್ಕೆ ಕಿಡಿಯಿಲ್ಲ, ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಕಾವೇ ಬೆಂಕಿ. ಆ ಕಾವಿಗೆ ಡೀಸೆಲ್ ಜೋರಾಗಿ ಚಿಮ್ಮಬೇಕು, ಆದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದರೆ ಚಿಮ್ಮುವಷ್ಟು ಒತ್ತಡ ಏಳುವುದಿಲ್ಲ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದಾಗ ಆಗುವುದು ಇದೇ: ‘ಎಂಜಿನ್ ಏರ್ ತೊಗೊಂಡೈತಿ’. ಟ್ಯಾಂಕ್ ತುಂಬಿ, ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಯಬೇಕು. ಆಮೇಲೆ ನಾಝಲ್‌ಗೆ ಡೀಸೆಲ್ ಒತ್ತುವ ಪಂಪಿನ ಕಡೆಯೂ ಹಾಗೆಯೇ. ನಾಝಲ್ ಚಿಮ್ಮುವಾಗ ಮಾತ್ರ ಕೈ ಅಡ್ಡ ಹಿಡಿಯಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಗಾಯ ಸಾಸಿವೆ ಕಾಳಿನಷ್ಟು ಕಂಡರೂ ಬೆರಳೇ ಹೋಗಬಹುದು.

ಇಂಧನ ಹವೆಗೆ ತಕ್ಕಂತಿರಬೇಕು ಎಂಬುದನ್ನು ಲಡಾಖಿನ ಚಳಿ ಇನ್ನೊಂದು ತುದಿಯಿಂದ ಕಲಿಸಿದೆ. ಅಲ್ಲಿ ಡೀಸೆಲ್ಲಿನ ಮೇಣ ಗಟ್ಟಿಯಾಗಿ ವಾಹನಗಳೇ ನಿಲ್ಲುತ್ತಿದ್ದವು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ಕಳಿಸಿತು. ನಮ್ಮ ಬಿಸಿಲಿಗೆ ಅಂಥ ವಿಶೇಷ ಪೆಟ್ರೋಲ್ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆ ದಿನಕ್ಕೆ ಬೇಕಾದಷ್ಟೇ ತರುವುದು, ಕೆಲಸ ಮುಗಿದ ದಿನ ಟ್ಯಾಂಕ್ ಬಸಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಖಾಲಿ ಓಡಿಸಿ ಇಡುವುದು ಸಾಕು. ಕಾರ್ಬೊರೇಟರ್ ಒಣಗಿದ್ದರೆ ಅಂಟು ಕೂರಲು ಏನೂ ಉಳಿಯುವುದಿಲ್ಲ. (ಡೀಸೆಲ್ ಎಂಜಿನ್ನಿಗೆ ಇದು ಸಲ್ಲದು, ಅದರ ಟ್ಯಾಂಕ್ ತುಂಬಿರಬೇಕು.) ಬಂಕಿನಲ್ಲಿ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ, ಸಾಂದ್ರತೆ ಪರೀಕ್ಷೆ ಕೇಳುವ ಹಕ್ಕು ಗ್ರಾಹಕನಿಗಿದೆ. ಸಂಕೋಚ ಬೇಡ.

ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ಸ್ಪ್ರೇಯರ್ ಕೊಡುವಾಗ ಆಧಾರ್, ಪಹಣಿ ಎಲ್ಲ ನೋಡುತ್ತಾರೆ. ಅದರ ಜೊತೆಗೇ ಟ್ಯಾಂಕ್ ಬಸಿಯುವುದು, ಆಯಿಲ್ ಅಳೆಯುವುದು, ಪ್ಲಗ್ ನೋಡುವುದನ್ನು ರೈತನ ಕೈಯಲ್ಲೇ ಒಮ್ಮೆ ಮಾಡಿಸಿ ಕಳಿಸಬೇಕು. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ ಹಿಂಗಾರಿಗೆ ಮುಂಚೆ ಹೋಬಳಿಗೊಂದು ದಿನ ಇದಕ್ಕಾಗಿ ಮೀಸಲಿಟ್ಟು, ಮೂಲೆಯಲ್ಲಿರುವ ಹಳೆಯ ಸ್ಪ್ರೇಯರುಗಳನ್ನು ಅಲ್ಲಿಗೇ ತರಲು ಹೇಳಿದರೆ, ಕಡಲೆಗೆ ಹುಳು ಬೀಳುವ ಮೊದಲೇ ಅವು ಓಡುವ ಸ್ಥಿತಿಗೆ ಬಂದಿರುತ್ತವೆ.